ಜೂನ್ ಒಂದರಂದು ಹುಟ್ಟಿದವರು

ರುದ್ರಮ್ಮ ತನ್ನ ಬಾಳಿನಲ್ಲಿ ನಲವತ್ತಾರು ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದವಳು. ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡಳೆಂದರೆ ಎಂಥ ಹಟಮಾರಿ ಕೂಸೂ ಅಳು ನಿಲ್ಲಿಸಿ ನೀರಿನ ಸಪ್ಪಳಕ್ಕೆ ಕಿವಿಗೊಡುತ್ತಿತ್ತು. ಊರಿನಲ್ಲಿ ಹೆರಿಗೆಯಾದ ಮನೆಯಿಂದ ಮೊದಲ ಕರೆ ಆಕೆಗೇ. ಶಿವ ಒಬ್ಬೊಬ್ಬರ ಕೈಗೆ ಒಂದೊಂದು ಕೆಲಸ ಕೊಟ್ಟು ಕಳಿಸುತ್ತಾನೆ, ತನ್ನ ಕೈಗೆ ಬಿಸಿನೀರಿನ ತಂಬಿಗೆ ಕೊಟ್ಟ ಎಂದು ಆಕೆ ನಂಬಿದ್ದಳು.

ನಲವತ್ತೇಳನೆಯ ಕೂಸು ನ್ಯೂಜೆರ್ಸಿಯಲ್ಲಿ ಹುಟ್ಟಿತು. ಮೊಮ್ಮಗಳು ಐಶ್ವರ್ಯಾಳ ಮಗಳು. ಜನವರಿಯ ಬನದ ಹುಣ್ಣಿಮೆಯಾಗಿ ಎರಡನೆಯ ದಿನ, ತುಂಬಬೇಕಾದ ದಿನಕ್ಕಿಂತ ಐದು ವಾರ ಮೊದಲೇ ಬಂದುಬಿಟ್ಟಿತು. ಶ್ರಿಯಾ ಎಂದು ಹೆಸರಿಟ್ಟರು. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ, ಅಂಗೈಯಗಲದಿಂದ ಮೊಣಕೈಯುದ್ದಕ್ಕೆ ಬೆಳೆಯಿತು. ಮನೆಗೆ ಕಳಿಸುವ ಮೊದಲು ಮಕ್ಕಳ ಡಾಕ್ಟರು ಒಂದು ಮಾತು ಹೇಳಿದರು. ಆ ಚಳಿಗಾಲದಲ್ಲಿ ಹೊಸದೊಂದು ಕೆಮ್ಮುಜ್ವರ ಊರೆಲ್ಲ ಸುತ್ತುತ್ತಿತ್ತು. ಅದರ ಲಸಿಕೆ ಹಾಕಿಸಿಕೊಂಡು ಎರಡು ವಾರ ಕಳೆದವರು ಮಾತ್ರ ಈ ಕೂಸಿನ ಜೊತೆ ಒಂದೇ ಮನೆಯಲ್ಲಿರಬಹುದು.

ಐಶ್ವರ್ಯಾಳಿಗೆ ಬಸುರಿಯೆಂದು, ಗಂಡ ಕೀರ್ತಿಗೆ ಬಸುರಿಯ ಗಂಡನೆಂದು ಲಸಿಕೆ ಮೊದಲೇ ಸಿಕ್ಕಿತ್ತು. ರುದ್ರಮ್ಮನ ಹೆಸರು ಹಿರಿಯರ ಪಟ್ಟಿಯಲ್ಲಿತ್ತು. ಪಟ್ಟಿ ಇನ್ನೂ ಆಕೆಯ ಹತ್ತಿರ ಬಂದಿರಲಿಲ್ಲ. ಹೀಗಾಗಿ ಕೂಸು ಮನೆಗೆ ಬರುವ ಹಿಂದಿನ ದಿನ ರುದ್ರಮ್ಮ ಎರಡು ಇಳಕಲ್ ಸೀರೆ, ವಿಭೂತಿ ಗಟ್ಟಿ, ಮತ್ತು ಊರಿಂದ ತರಿಸಿದ್ದ ಕುಸುಬೆ ಎಣ್ಣೆಯ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಮೊಮ್ಮಗಳ ಮನೆಯಿದ್ದ ಈಸ್ಟ್ ಬ್ರನ್ಸ್‌ವಿಕ್ ಬಿಟ್ಟು, ಇಪ್ಪತ್ತು ನಿಮಿಷದ ದಾರಿಯ ಐಸೆಲಿನ್‌ನಲ್ಲಿದ್ದ ತಮ್ಮನ ಮನೆಗೆ ಹೊರಟಳು.

"ಎಣ್ಣಿ ಬಾಟ್ಲಿ ಇಲ್ಲೇ ಇರ್ಲಿ ಬಿಡು ಆಯಿ, ಹೇಗೂ ಹದಿನೈದು ದಿನಕ್ಕೆ ವಾಪಸ್ ಬರ್ತಿಯಲ್ಲ," ಎಂದಳು ಐಶ್ವರ್ಯಾ, ಕಣ್ಣು ಒರೆಸಿಕೊಳ್ಳುತ್ತ.

"ನೀವು ಅದರಾಗ ಪಲ್ಯ ಮಾಡಿಬಿಡ್ತೀರಿ," ಎಂದು ರುದ್ರಮ್ಮ ಬಾಟಲಿಯನ್ನು ಬಿಡಲಿಲ್ಲ.

ತಮ್ಮ ಶಿವಶಂಕರಪ್ಪನವರು ಆಕೆಗಿಂತ ಐದು ವರ್ಷ ಚಿಕ್ಕವರು. ಮೂವತ್ತೊಂದು ವರ್ಷ ಅವರ ಊರಿನ ಪ್ರಾಥಮಿಕ ಶಾಲೆಯಲ್ಲಿ ದುಡಿದು ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಓಕ್ ಟ್ರೀ ರಸ್ತೆಯ ಹಿಂದಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮಗ ರಾಜಶೇಖರನ ಜೊತೆ ಇದ್ದರು. ಮಗ ಬೆಳಿಗ್ಗೆ ಮೆಟ್ರೊಪಾರ್ಕ್‌ನಲ್ಲಿ ರೈಲು ಹಿಡಿದರೆ ಸಂಜೆಗೇ ಮುಖ ಕಾಣುತ್ತಿದ್ದುದು. ಹಗಲೆಲ್ಲ ಮಾಸ್ತರರು ಬಳಗದ ಕೆಲಸ ಮಾಡುತ್ತಿದ್ದರು. ಬಳಗವೆಂದರೆ ಸುತ್ತಮುತ್ತಲಿನ ಕನ್ನಡದ ಹಿರಿಯರು ಇಪ್ಪತ್ತಮೂರು ಜನ. ಭಾನುವಾರಕ್ಕೊಮ್ಮೆ ಒಂದು ಬೇಸ್‌ಮೆಂಟಿನಲ್ಲಿ ಸೇರಿ ಭಜನೆ ಮಾಡಿ, ಸಾಲಾಗಿ ಕೂತು ಪ್ರಸಾದ ಉಣ್ಣುತ್ತಿದ್ದರು. ಅವರಿಗೆ ಬಂದ ಇಂಗ್ಲಿಷ್ ಕಾಗದ ಓದಿ ಹೇಳುವುದು, ಅರ್ಜಿ ತುಂಬುವುದು ಮಾಸ್ತರರ ಪಾಲು. ಲಸಿಕೆಯ ಪಟ್ಟಿಗೆ ಎಲ್ಲರ ಹೆಸರನ್ನೂ ಅವರೇ ಹಾಕಿದ್ದರು. ಬಹಳ ಜನಕ್ಕೆ ಸ್ವಂತ ಫೋನಿರಲಿಲ್ಲ, ಇದ್ದವರಿಗೆ ಅದರಲ್ಲಿ ಬರುವ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಅದಕ್ಕೇ ಇಪ್ಪತ್ತಮೂರು ಅರ್ಜಿಗೂ ತಮ್ಮದೇ ಒಂದು ಫೋನ್ ನಂಬರ್ ಬರೆದಿದ್ದರು. ಊರಲ್ಲಿದ್ದಾಗಲೂ ಅಷ್ಟೇ. ಯಾರದೇ ಪತ್ರವಿರಲಿ, 'ಮಾಸ್ತರ ಮನಿಗೆ' ಎಂದು ವಿಳಾಸ ಬರೆದರೆ ಮುಟ್ಟುತ್ತಿತ್ತು.

ದಿನಾ ಹನ್ನೊಂದು ಗಂಟೆಗೆ ವಿಡಿಯೋ ಕಾಲ್. ಕೀರ್ತಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಗಳಿಗೆ ಸ್ನಾನ ಮಾಡಿಸುವುದನ್ನು ರುದ್ರಮ್ಮ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಳು.

"ಏ ಕೀರ್ತಿ, ಅದೇನ ಕಾರು ತೊಳ್ಯಾಕತ್ತೀಯೇನ? ಸ್ಪಂಜು ಬಿಡು ಅತ್ಲಾಗ. ಕೈ ಹಚ್ಚು, ಕೈ!"

"ಭಯ ಆಗತ್ತೆ ಅಜ್ಜಿ. ಜಾರಿಬಿಟ್ರೆ?"

"ಅದಕ್ಕಲ್ಲೇನ ದೇವ್ರು ನನಗ ಕಾಲು ಕೊಟ್ಟಿದ್ದು. ಎರಡು ಕಾಲಿನ ನಡುವ ಕೂಸು ಎಲ್ಲಿ ಜಾರ್ತದ?" ಎಂದಾಗ ಆಕೆಯ ದನಿ ಸಣ್ಣದಾಯಿತು. ಕಾಲು ಐಸೆಲಿನ್‌ನಲ್ಲಿ, ಕೂಸು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ. ಕೂಸಿಗೆ ಕತ್ತು ನಿಂತು ಮಗುಚಿಕೊಳ್ಳುವ ತನಕ ಮಾತ್ರ ಕಾಲ ಮೇಲಿನ ಸ್ನಾನ. ಆಮೇಲೆ ಅದು ಕೊಸರಾಡುತ್ತದೆ, ಕಾಲಿನ ಮೇಲೆ ನಿಲ್ಲುವುದಿಲ್ಲ. ಹೋದ ದಿನ ಹೋದವೇ.

"ಯುಗಾದಿ ಎಣ್ಣಿ ನೀರು ನನ್ನ ಕೈಲೇ ಆಗಬೇಕು ನೋಡು ತಮ್ಮಾ," ಎಂದಳು ಫೋನ್ ಇಟ್ಟಮೇಲೆ. "ಅಷ್ಟರೊಳಗ ನಿನ್ನ ಪಟ್ಟಿ ನನ್ನ ಹೆಸರು ಕೂಗ್ತದೋ ಇಲ್ಲೋ?"

"ಕೂಗ್ತದ ಅಕ್ಕ. ನಿನಗ ಎಂಬತ್ತೊಂದು. ನಿನಗಿಂತ ಹಿರಿಯರು ಎಷ್ಟು ಮಂದಿ ಇರ್ತಾರ?"

ಆದರೆ ಪಟ್ಟಿ ಅರವತ್ತೆಂಟರ ಪಂಜಾಬಿ ನೆರೆಯವನನ್ನು ಕೂಗಿತು, ಕೆಳಗಿನ ಮನೆಯ ಎಪ್ಪತ್ತರ ಗುಜರಾತಿ ಹೆಂಗಸನ್ನು ಕೂಗಿತು. ಬಳಗದ ಇಪ್ಪತ್ತಮೂರರಲ್ಲಿ ಒಬ್ಬರನ್ನೂ ಕೂಗಲಿಲ್ಲ. ಫೆಬ್ರವರಿಯ ನಡುವೆ, ಹಿಮ ಮೊಣಕಾಲುದ್ದ ಬಿದ್ದ ದಿನ, ಮಾಸ್ತರರ ಫೋನಿಗೆ ಒಂದೇ ಒಕ್ಕಣೆಯ ಇಪ್ಪತ್ತಮೂರು ಮೆಸೇಜು ಒಂದರ ಹಿಂದೊಂದು ಬಂದವು. ನಿಮ್ಮ ದಾಖಲೆ ಪರಿಶೀಲನೆಯಲ್ಲಿದೆ. ಈ ಸಂದೇಶಕ್ಕೆ ಉತ್ತರಿಸಬೇಡಿ.

ಲಸಿಕೆ ಕಡಿಮೆ, ಕೇಳುವವರು ಬಹಳ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ನಿರ್ಧರಿಸುವ ಕೆಲಸವನ್ನು ಟರ್ನ್‌ವೆಲ್ ಎಂಬ ಕಂಪನಿಯ ಕೃತಕ ಬುದ್ಧಿಗೆ ವಹಿಸಿದ್ದರು. ಮಾಸ್ತರರು ಅದರ ನಂಬರಿಗೆ ಫೋನ್ ಮಾಡಿದರೆ ಬಲು ಸೌಜನ್ಯದ ಒಂದು ದನಿ, "ನಿಮಗಾದ ತೊಂದರೆ ನನಗೆ ಅರ್ಥವಾಗುತ್ತದೆ," ಎನ್ನುತ್ತಿತ್ತು. ಏನು ಅರ್ಥವಾಯಿತು ಎಂದು ಕೇಳಿದರೆ ಅದನ್ನೇ ಮತ್ತೆ ಹೇಳುತ್ತಿತ್ತು.

ಕೀರ್ತಿಗೆ ತಾಳ್ಮೆ ಉಳಿಯಲಿಲ್ಲ. ಅಜ್ಜಿಗೆ ಹೇಳದೆ, ಮಾಸ್ತರರಿಗೂ ಹೇಳದೆ, ತನ್ನ ಫೋನ್ ನಂಬರಿನಿಂದ ರುದ್ರಮ್ಮನ ಹೆಸರನ್ನು ಹೊಸದಾಗಿ ಸೇರಿಸಿಬಿಟ್ಟ. ನಾಳಿದ್ದೇ ಲಸಿಕೆ ಎಂದು ಉತ್ತರ ಬಂತು. ಕುಣಿದಾಡುತ್ತ ಐಸೆಲಿನ್‌ಗೆ ಬಂದು ಹೇಳಿದ.

ರುದ್ರಮ್ಮನ ಮುಖ ಅರಳಿ, ಹಾಗೆಯೇ ಬಾಡಿತು. "ಉಳಿದವರಿಗೆ?"

"ಅವರಿಗೂ ಆಮೇಲೆ ನೋಡೋಣ ಅಜ್ಜಿ. ಫಸ್ಟ್ ನಿಮಗೆ ಆಗ್ಲಿ."

"ಪ್ರಸಾದಕ್ಕ ಸಾಲಾಗಿ ಕುಂತಾಗ ನಾ ಒಬ್ಬಾಕಿ ಎಲಿ ಎತ್ಕೊಂಡು ಅಡಗಿ ಮನಿಗೆ ಹೋಗ್ತೀನೇನಪಾ?" ಎಂದಳು ರುದ್ರಮ್ಮ. ಆದರೆ ಮರುಕ್ಷಣವೇ, "ಹೋಗ್ತೀನಿ ಬಿಡು. ಕೂಸಿನ ಸಲುವಾಗಿ ಹೋಗ್ತೀನಿ. ಶಿವ ಬೈದ್ರ ಬೈಲಿ," ಎಂದು ಸೀರೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಶಿವ ಬೈಯುವ ಮೊದಲೇ ಯಂತ್ರ ಬೈಯಿತು. ಮರುದಿನ ಕೀರ್ತಿಯ ಫೋನಿಗೆ ಇನ್ನೊಂದು ಮೆಸೇಜು. ಒಂದೇ ಹೆಸರು, ಒಂದೇ ಜನ್ಮದಿನ, ಎರಡು ಅರ್ಜಿ. ಎರಡನ್ನೂ ತೊಂಬತ್ತು ದಿನ ತಡೆಹಿಡಿಯಲಾಗಿದೆ. ಮೊದಲು ಬರೀ ಅನುಮಾನವಿತ್ತು, ಈಗ ಅನುಮಾನಕ್ಕೆ ಕೀರ್ತಿಯೇ ಸಾಕ್ಷಿ ಒದಗಿಸಿದ್ದ. ತೊಂಬತ್ತು ದಿನವೆಂದರೆ ಮೇ ತಿಂಗಳು. ಕೂಸಿಗೆ ನಾಲ್ಕು ತಿಂಗಳು ತುಂಬಿರುತ್ತದೆ, ಮಗುಚಿಕೊಳ್ಳುವ ಕಾಲ.

ಕೀರ್ತಿ ಬಾಗಿಲ ಬಳಿಯೇ ಶೂ ಬಿಚ್ಚದೆ ನಿಂತಿದ್ದ. "ಸಾರಿ ಅಜ್ಜಿ. ನನ್ನಿಂದಲೇ ಆಯ್ತು."

ಅವನನ್ನು ಬೈಯಲು ಬಾಯಿ ತೆರೆದ ರುದ್ರಮ್ಮ ಅವನ ಕಣ್ಣ ಕೆಳಗಿನ ಕಪ್ಪು ನೋಡಿದಳು. ಕೂಸಿನ ಮನೆಯಲ್ಲಿ ನಿದ್ದೆಯಿಲ್ಲದವನ ಮುಖ. "ಬಾ ಒಳಗ. ಎರಡು ರೊಟ್ಟಿ ತಿಂದು ಹೋಗು," ಎಂದಳು.

ಐಶ್ವರ್ಯಾಳಿಗೆ ಭೂಮಿಕಾ ಎಂಬ ಗೆಳತಿಯಿದ್ದಳು. ಅಮೆರಿಕದ ಬೆಲ್‌ರೋಸ್‌ನಲ್ಲಿ ಹುಟ್ಟಿ ಬೆಳೆದವಳು, ಕಾನೂನು ಓದಿ ರಾಜ್ಯದ ರಾಜಧಾನಿ ಟ್ರೆಂಟನ್‌ನಲ್ಲಿ ಶಾಸನಸಭೆಯ ಆರೋಗ್ಯ ಸಮಿತಿಗೆ ಮಸೂದೆ ಬರೆದುಕೊಡುವ ಕೆಲಸದಲ್ಲಿದ್ದಳು. ಆ ವಾರ ಓಕ್ ಟ್ರೀ ರಸ್ತೆಗೆ ತರಕಾರಿಗೆ ಬಂದವಳು ಕೊತ್ತಂಬರಿ ಚೀಲ ಹಿಡಿದೇ ಮಾಸ್ತರರ ಮನೆಗೆ ಬಂದಳು. ಕಂಪನಿಗೆ ಕಾಗದ ಬರೆದು, ಮತ್ತೆ ಮತ್ತೆ ಕೇಳಿ, ಒಂದು ಸಾಲಿನ ಉತ್ತರ ಪಡೆದಿದ್ದಳು.

"ಅಂಕಲ್, ನಿಮ್ಮ ಗ್ರೂಪನ್ನ ಅದು ಒಬ್ಬನೇ ಮನುಷ್ಯ ಅಂದ್ಕೊಂಡಿದೆ. ಟ್ವೆಂಟಿ ತ್ರೀ ಫೇಕ್ ನೇಮ್ಸ್, ಒಂದೇ ಫೋನ್ ನಂಬರ್. ಅದಕ್ಕಿಂತ ವಿಯರ್ಡ್ ಏನಂದ್ರೆ, ಅದರಲ್ಲಿ ಹದಿನೇಳು ಜನದ ಬರ್ತ್‌ಡೇ ಸೇಮ್. ಜೂನ್ ಫಸ್ಟ್. ಹೌ ಈಸ್ ದಟ್ ಪಾಸಿಬಲ್?"

ಮಾಸ್ತರರು ಕೈಯಲ್ಲಿದ್ದ ಚಹದ ಲೋಟವನ್ನು ಕೆಳಗಿಟ್ಟರು. ರುದ್ರಮ್ಮನೇ ನಕ್ಕಳು.

"ಹೇಳು ತಮ್ಮಾ, ಹೇಳು. ಕದ್ದ ಬೆಕ್ಕಿನಂಗ ಯಾಕ ಕುಂತಿ? ನನ್ನ ಜೂನ್ ಒಂದು ಬರ್ದಾವ ನೀನ ಅಲ್ಲೇನ?"

ಅದು ನಿಜವಾಗಿತ್ತು. ರುದ್ರಮ್ಮ ಆ ಶಾಲೆಯಲ್ಲಿ ಎರಡನೆಯ ಇಯತ್ತೆಯವರೆಗೆ ಓದಿದ್ದಳು. ಅಮೆರಿಕಕ್ಕೆ ಬರಲು ಪಾಸ್‌ಪೋರ್ಟ್ ಮಾಡಿಸುವಾಗ ಹಳೆಯ ರಿಜಿಸ್ಟರಿನ ಆ ಹಾಳೆಯನ್ನು ಗೆದ್ದಲು ತಿಂದಿತ್ತು. ಆಗ ಹೆಡ್‌ಮಾಸ್ತರರಾಗಿದ್ದ ತಮ್ಮ, ಅಕ್ಕನ ಸರ್ಟಿಫಿಕೇಟಿನಲ್ಲಿ ಜೂನ್ ಒಂದು ಎಂದು ಬರೆದು ಸೀಲು ಒತ್ತಿದ್ದರು. ಉಳಿದ ಹದಿನಾರು ಜನರ ಜೂನ್ ಒಂದನ್ನು ಬರೆದವರು ಬೇರೆ ಬೇರೆ ಊರಿನ ಬೇರೆ ಬೇರೆ ಮಾಸ್ತರರು. ಆದರೆ ಆ ಎಲ್ಲ ಮಾಸ್ತರರ ಭಾರವೂ ಈಗ ತಮ್ಮೊಬ್ಬರ ಹೆಗಲ ಮೇಲೆ ಬಂದು ಕೂತಂತೆ ಶಿವಶಂಕರಪ್ಪನವರಿಗೆ ಅನಿಸಿತು.

ಭೂಮಿಕಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ತನ್ನ ಕೆಲಸವೇನೆಂದು ಹೇಳಿದಳು. "ಇಲ್ಲಿನ ಪಬ್ಲಿಕ್ ಹೆಲ್ತ್ ಲಾ ತುಂಬಾ ಹಳೇದು ಅಂಕಲ್. ಸಿಡುಬಿನ ಕಾಲದ್ದು. ಹೆಲ್ತ್ ಆಫೀಸರ್ ಹೀಗೆ ಮಾಡಬಹುದು, ಹಾಗೆ ಮಾಡಬಹುದು ಅಂತ ಬರೆದಿದ್ದಾರೆ. ಆಫೀಸರ್ ಅಂದ್ರೆ ಮನುಷ್ಯ. ತಪ್ಪು ಮಾಡಿದ್ರೆ ಹೋಗಿ ಕೇಳಬಹುದು. ಈಗ ಆಫೀಸರ್ ಕೆಲಸವನ್ನ ಕಂಪನಿಗೆ ಕೊಟ್ಟ, ಕಂಪನಿ ಮಷೀನ್‌ಗೆ ಕೊಟ್ಟಿತು. ಯಾರನ್ನ ಕೇಳಬೇಕು ಅಂತ ಕಾನೂನಿಗೇ ಗೊತ್ತಿಲ್ಲ. ನಾವು ಅದನ್ನ ಚೇಂಜ್ ಮಾಡ್ತಾ ಇದೀವಿ. ಯಾಕೆ ಹಿಂದೆ ಹಾಕಿದ್ರು ಅಂತ ರೀಸನ್ ಹೇಳಬೇಕು, ಅಪೀಲ್ ಕೇಳೋಕೆ ಒಬ್ಬ ಮನುಷ್ಯ ಇರಬೇಕು. ಮಾರ್ಚ್ ಹದಿಮೂರಕ್ಕೆ ಹಿಯರಿಂಗ್ ಇದೆ. ನೀವಿಬ್ಬರೂ ಬಂದು ಹೇಳ್ತೀರಾ?"

"ನಾ ಬರ್ತೀನಿ," ಎಂದಳು ರುದ್ರಮ್ಮ, ಟ್ರೆಂಟನ್ ಯಾವ ದಿಕ್ಕಿಗಿದೆಯೆಂದೂ ಕೇಳದೆ.

ಮಾಸ್ತರರು ಮಾತ್ರ, "ಭಾನುವಾರ ಬಳಗದಾಗ ಕೇಳಿ ಹೇಳ್ತೀನವಾ," ಎಂದರು.

ಭಾನುವಾರ ಭಜನೆ ಮುಗಿದಮೇಲೆ ಮಾತು ತೆಗೆದರೆ, ಬೇಸ್‌ಮೆಂಟಿನಲ್ಲಿ ಒಮ್ಮೆಲೇ ಚಳಿ ಹೆಚ್ಚಾದಂತಾಯಿತು. ಮೊದಲು ಎದ್ದವರು ಅಶ್ವತ್ಥನಾರಾಯಣ, ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರಾದವರು.

"ಮೇಷ್ಟ್ರೇ, ನಂದು ಅಕ್ಟೋಬರ್ ಹದಿನಾಲ್ಕು. ನಮ್ಮ ತಾತ ಪಂಚಾಂಗ ಇಟ್ಕೊಂಡು ಬರೆಸಿದ್ದು. ನಿಮ್ಮ ಜೂನ್ ಒಂದರ ಸಹವಾಸದಲ್ಲಿ ನಾನೂ ಕಳ್ಳ ಆದೆ, ಹೋಗ್ಲಿ ಬಿಡಿ. ಆದ್ರೆ ನೀವು ಗೌರ್ಮೆಂಟ್ ಮುಂದೆ ಹೋಗಿ, ಡೇಟ್ ಅಂದಾಜಲ್ಲಿ ಬರೆದ್ವಿ ಅಂತ ಹೇಳಿದ್ರೆ, ಇವರ ಪಾಸ್‌ಪೋರ್ಟು, ಗ್ರೀನ್ ಕಾರ್ಡು ಏನಾಗ್ಬೇಕು? ಕಾಲ ಚೆನ್ನಾಗಿಲ್ಲ ಸ್ವಾಮಿ."

ಗದಿಗೆಪ್ಪ ಎಂಬ ಎಂಬತ್ತೆರಡರ ಮುದುಕ, ದಮ್ಮಿನ ರೋಗದವರು, ಮೂಲೆಯಲ್ಲಿ ಕೆಮ್ಮುತ್ತಲೇ ಇದ್ದರು. ಕೆಮ್ಮು ನಿಂತಮೇಲೆ, "ನನ್ನದೂ ಜೂನ್ ಒಂದ," ಎಂದರು. "ಈ ಚಳಿಗಾಲ ದಾಟಿದ್ರಲ್ಲೇನಪಾ ಗ್ರೀನ್ ಕಾರ್ಡು? ಹೋಗಿ ಹೇಳು ಮಾಸ್ತರ." ಮತ್ತೆ ಕೆಮ್ಮಿದರು.

ಮರುದಿನ ಬೆಳಿಗ್ಗೆ ಮಾಸ್ತರರು ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಎಂದಿಗಿಂತ ಹೆಚ್ಚು ಹೊತ್ತು ಕೂತರು. ರುದ್ರಮ್ಮ ಪಕ್ಕದ ಕೋಣೆಯಲ್ಲಿ ತನ್ನ ಪೂಜೆ ಮುಗಿಸಿ ಬಂದರೂ ಅವರ ಕಣ್ಣು ತೆರೆದಿರಲಿಲ್ಲ. ಹೊರಗೆ ಹಿಮ ತೆಗೆಯುವ ಲಾರಿ ಬೀದಿಯನ್ನು ಕೆರೆಯುತ್ತ ಹೋಗುತ್ತಿತ್ತು. ಎದ್ದವರೇ ಭೂಮಿಕಾಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು, ಇದರಿಂದ ಯಾರಿಗಾದರೂ ಕೇಡಾಗುತ್ತದೆಯೇ ಎಂದು.

"ಅಂಕಲ್, ನಾನು ಇಮಿಗ್ರೇಶನ್ ಲಾಯರ್ ಒಬ್ಬರನ್ನ ಕೇಳಿದೆ. ನಿಮ್ಮ ಕಡೆ ಶಾಲೆ ಮಕ್ಕಳಿಗೆ ಹೀಗೆ ಬರೆಯೋ ಪದ್ಧತಿ ಇತ್ತು ಅಂತ ಎಲ್ಲರಿಗೂ ಗೊತ್ತಿದೆ. ಪೇಪರ್ ಮೇಲಿರೋದೇ ನಿಮ್ಮ ಲೀಗಲ್ ಡೇಟ್. ಬೇರೆಯವರ ಹೆಸರು ಹೇಳಬೇಡಿ. ನಿಮ್ಮ ಕಥೆ, ಅಕ್ಕನ ಕಥೆ, ಅಷ್ಟೇ ಹೇಳಿ. ಆದ್ರೆ ನಾನು ಗ್ಯಾರಂಟಿ ಕೊಡೋಕಾಗಲ್ಲ."

"ಗ್ಯಾರಂಟಿ ನನಗೂ ಬ್ಯಾಡವಾ," ಎಂದರು ಮಾಸ್ತರರು. ಆ ದಿನವೆಲ್ಲ ಕೂತು, ಶಾಲೆಯ ಇನ್‌ಸ್ಪೆಕ್ಟರಿಗೆ ಬರೆಯುತ್ತಿದ್ದ ಗುಂಡನೆಯ ಅಕ್ಷರದಲ್ಲಿ, ಕನ್ನಡದಲ್ಲಿ, ಎರಡು ಪುಟದ ಹೇಳಿಕೆ ಬರೆದರು.

ಟ್ರೆಂಟನ್‌ನ ಆ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಸಮಿತಿಯ ಒಂಬತ್ತು ಜನ. ಅವರಲ್ಲಿ ನಡುವೆ ಕೂತಿದ್ದ ಬಿಳಿಗೂದಲಿನ ಹೆಂಗಸು ಅಧ್ಯಕ್ಷೆ. ಟರ್ನ್‌ವೆಲ್‌ನವನು ಮೊದಲು ಮಾತಾಡಿದ. ಕೆಟ್ಟವನಲ್ಲ, ಮೆದು ಮಾತಿನ ತರುಣ. ಒಬ್ಬರೇ ಹತ್ತು ಹೆಸರಲ್ಲಿ ಲಸಿಕೆ ದೋಚುವುದನ್ನು ತಮ್ಮ ಯಂತ್ರ ತಡೆದಿದೆ, ಅದರ ಲೆಕ್ಕ ನೂರಕ್ಕೆ ತೊಂಬತ್ತೇಳು ಸರಿ ಎಂದ. ಭೂಮಿಕಾ ಅದನ್ನು ರುದ್ರಮ್ಮನ ಕಿವಿಯಲ್ಲಿ ಕನ್ನಡಿಸಿದಳು.

ಮಾಸ್ತರರ ಸರದಿ ಬಂದಾಗ ಅವರು ಕನ್ನಡದಲ್ಲಿ ಓದಿದರು. ಪ್ರತಿ ನಾಲ್ಕು ಸಾಲಿಗೆ ನಿಲ್ಲಿಸಿ, ಭೂಮಿಕಾ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ತನಕ ಕನ್ನಡಕದ ಮೇಲಿಂದ ಆಕೆಯನ್ನು, ತರಗತಿಯ ಜಾಣೆಯನ್ನು ನೋಡುವ ಹಾಗೆ, ನೋಡುತ್ತಿದ್ದರು.

"ನಮ್ಮ ಶಾಲೆ ಜೂನ್ ಒಂದನೇ ತಾರೀಖಿಗೆ ತೆರೆಯುತ್ತಿತ್ತು. ಅಂದಿಗೆ ಆರು ವರ್ಷ ತುಂಬಿರದ ಮಗುವನ್ನು ಸೇರಿಸಿಕೊಳ್ಳುವಂತಿರಲಿಲ್ಲ. ತಾಯಿ ಮಗುವನ್ನು ಕರೆತರುತ್ತಿದ್ದಳು. ಯಾವಾಗ ಹುಟ್ಟಿತು ಎಂದರೆ, ಕೆರೆ ಕೋಡಿ ಬಿದ್ದ ವರ್ಷ ಎನ್ನುತ್ತಿದ್ದಳು, ಹಸು ಈದ ಮರುದಿನ ಎನ್ನುತ್ತಿದ್ದಳು. ನನ್ನ ರಿಜಿಸ್ಟರಿನಲ್ಲಿ ಹಸುವಿಗೆ ಜಾಗವಿರಲಿಲ್ಲ. ಒಂದು ತಿಂಗಳು ಕಡಿಮೆಯಾಯಿತೆಂದು ಆ ಮಗುವನ್ನು ವಾಪಸು ಕಳಿಸಿದರೆ, ಮರುವರ್ಷ ಅದು ಶಾಲೆಗಲ್ಲ, ಕೂಲಿಗೆ ಹೋಗುತ್ತಿತ್ತು. ಅದಕ್ಕೆ ನಾನು ಜೂನ್ ಒಂದು ಎಂದು ಬರೆದೆ. ಯಾವ ಮಗುವೂ ಬಾಗಿಲಿಂದ ಹಿಂದೆ ಹೋಗಬಾರದೆಂದು ಬರೆದೆ. ಅದೇ ತಾರೀಖಿನಿಂದ ನನ್ನ ಅಕ್ಕ ಈಗ ಬಾಗಿಲ ಹೊರಗೆ ನಿಂತಿದ್ದಾಳೆ. ತಪ್ಪಿದ್ದರೆ ನನ್ನದು. ಶಿಕ್ಷೆ ಆಕೆಗೆ ಬೇಡ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ರುದ್ರಮ್ಮನ ಕಡೆ ತಿರುಗಿ ಮೃದುವಾಗಿ ಕೇಳಿದರು, "ಅಮ್ಮಾ, ಹಾಗಾದರೆ ನೀವು ನಿಜವಾಗಿ ಹುಟ್ಟಿದ್ದು ಯಾವಾಗ?"

"ಸೀಗಿ ಹುಣ್ಣಿವಿ ದಿನ," ಎಂದಳು ರುದ್ರಮ್ಮ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. "ಹೊಲಕ್ಕ ಚರಗ ಚೆಲ್ಲಾಕ ನಮ್ಮವ್ವ ಬುಟ್ಟಿ ಕಟ್ಟಾಕತ್ತಿದ್ಲಂತ. ಅಷ್ಟರಾಗ ಬ್ಯಾನಿ ಸುರುವಾತು. ಬುಟ್ಟಿ ಹೊಲಕ್ಕ ಹೋತು, ಅವ್ವ ಒಳಗ ಹೋದ್ಲು."

ಹಬ್ಬದ ಅಡುಗೆಯನ್ನು ಭೂಮಿತಾಯಿಗೆ ಉಣಿಸುವ ದಿನ ಅದು ಎಂದು ಭೂಮಿಕಾ ಬಿಡಿಸಿ ಹೇಳಿದಳು. ಸಮಿತಿಯವರು ನಕ್ಕರು. ಒಬ್ಬ ಸದಸ್ಯ ಮಾತ್ರ ಹುಬ್ಬು ಗಂಟಿಕ್ಕಿ ಕೇಳಿದ, "ಇದು ಚೆನ್ನಾಗಿದೆ. ಆದರೆ ನಿಮ್ಮ ಊರಿನ ಪದ್ಧತಿಯೆಲ್ಲ ಒಂದು ಯಂತ್ರಕ್ಕೆ ಹೇಗೆ ತಿಳಿಯಬೇಕು?"

ಭೂಮಿಕಾ ಕನ್ನಡದಲ್ಲಿ ಹೇಳಿದ ಕೂಡಲೇ ರುದ್ರಮ್ಮ ಅವನ ಕಡೆ ತಿರುಗಿದಳು.

"ಅದಕ್ಕ ಯಾಕ ತಿಳೀಬೇಕಪಾ? ನನಗೂ ನಿನ್ನೂರಿನ ಪದ್ಧತಿ ತಿಳೀದಿಲ್ಲ. ತಿಳೀದಿದ್ರ ಕೇಳ್ತೀನಿ. ನೀ ಯಾರು ಬೇ, ನಿನ್ನ ನಂಬರು ಇವರ ನಂಬರು ಒಂದ ಯಾಕ ಅದ ಅಂತ ಒಂದು ಮಾತು ಕೇಳಿದ್ರ ಸಾಕಿತ್ತು. ಊರಾಗ ರೇಷನ್ ಅಂಗಡಿಯಾವ ಸಕ್ಕರಿ ಇಲ್ಲ ಅಂತಿದ್ದ. ಸುಳ್ಳ ಹೇಳ್ತಿದ್ದ. ಆದ್ರ ಅವಗ ಒಂದು ಮುಖ ಇತ್ತು. ಬೈಯಾಕರ ಬರ್ತಿತ್ತು." ಕಂಪನಿಯ ತರುಣನ ಕಡೆ ನೋಡಿ ದನಿ ಇಳಿಸಿದಳು. "ಈ ಹುಡುಗ ನೂರರಾಗ ತೊಂಬತ್ತೇಳು ಸರಿ ಅಂದ. ಛಲೋ ಆತು. ಉಳದ ಮೂರು ಮಂದೀನ ಯಾರರ ಕೇಳಬೇಕಲ್ಲಪಾ? ನನ್ನ ಮೊಮ್ಮಗಳ ಕೂಸು ಅಲ್ಲಿ ಬೆಳ್ಯಾಕತ್ತದ. ಅದು ನನ್ನ ಸಲುವಾಗಿ ನಿಲ್ಲೂದಿಲ್ಲ."

ಭೂಮಿಕಾ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಅಧ್ಯಕ್ಷೆ ಕಂಪನಿಯವನನ್ನು ಕೇಳಿದರು, "ಈ ಇಪ್ಪತ್ತಮೂರು ಜನಕ್ಕೆ ನಿಮ್ಮಲ್ಲಿ ಯಾರಾದರೂ ಒಮ್ಮೆ ಫೋನ್ ಮಾಡಿದ್ದೀರಾ?" ತರುಣ ಕಾಗದ ತಿರುವಿ, ಇಲ್ಲ ಎಂದ. ಅವನ ಕಿವಿ ಕೆಂಪಾಗಿತ್ತು.

ಮೂರು ದಿನ ಬಿಟ್ಟು, ಭಾನುವಾರ, ಬಳಗದವರು ಪ್ರಸಾದಕ್ಕೆ ಸಾಲಾಗಿ ಕೂತಿದ್ದಾಗ ಮಾಸ್ತರರ ಫೋನ್ ರಿಂಗಾಯಿತು. ಡೊರೀನ್ ಎಂಬ ಹೆಂಗಸಿನ ದನಿ. ಕಂಪನಿಯವರು ಆಕೆಯನ್ನು ಈ ಕೆಲಸಕ್ಕೆಂದೇ ಕೂರಿಸಿದ್ದರು. ದನಿ ಬಳಲಿತ್ತು, ಮೂಗು ಕಟ್ಟಿತ್ತು. ಯಂತ್ರವಲ್ಲ ಎಂದು ಅದರಿಂದಲೇ ತಿಳಿಯಿತು. ಒಬ್ಬೊಬ್ಬರ ಹೆಸರು, ಜನ್ಮದಿನ ಅವರ ಬಾಯಿಂದಲೇ ಕೇಳಬೇಕೆಂದಳು.

ಮಾಸ್ತರರು ಫೋನಿನ ಸ್ಪೀಕರ್ ಹಾಕಿ ಸಾಲಿನ ತುದಿಗೆ ಕೊಟ್ಟರು. ಅದು ಅನ್ನ ಬಡಿಸುವ ಪಾತ್ರೆಯ ಹಾಗೆ ಕೈಯಿಂದ ಕೈಗೆ ಸಾಗಿತು, ಮಾಸ್ತರರು ಪಕ್ಕದಿಂದ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು.

"ಗದಿಗೆಪ್ಪ. ಜೂನ್ ಒಂದ."

"ರುದ್ರಮ್ಮ. ಜೂನ್ ಒಂದ."

ನಾಲ್ಕನೆಯ ಜೂನ್ ಒಂದಕ್ಕೆ ಡೊರೀನ್ ನಗತೊಡಗಿದಳು. ಏಳನೆಯದಕ್ಕೆ, "ಓ ಮೈ ಲಾರ್ಡ್!" ಎಂದಳು. ಅಶ್ವತ್ಥನಾರಾಯಣ ಕಂಠ ಸರಿಮಾಡಿಕೊಂಡು, "ಅಕ್ಟೋಬರ್ ಫೋರ್ಟೀನ್," ಎಂದಾಗ ಆಕೆ ಚಪ್ಪಾಳೆ ತಟ್ಟಿದ್ದು ಫೋನಿನಲ್ಲೇ ಕೇಳಿಸಿತು. ಅಶ್ವತ್ಥನಾರಾಯಣ ಒಂದು ತಿಂಗಳಲ್ಲಿ ಮೊದಲ ಬಾರಿ ನಕ್ಕರು. ಕೀರ್ತಿ ಮಾಡಿದ ಎರಡನೆಯ ಅರ್ಜಿಯ ಕಥೆಯನ್ನೂ ಮಾಸ್ತರರು ಮುಚ್ಚುಮರೆಯಿಲ್ಲದೆ ಹೇಳಿದರು. ಹೊಸ ಅಪ್ಪಂದಿರು ಹೀಗೇ ಎಂದು ಡೊರೀನ್ ಅದನ್ನು ಅಳಿಸಿಹಾಕಿದಳು.

ಎಲ್ಲ ಮುಗಿದಮೇಲೆ ರುದ್ರಮ್ಮ ತಮ್ಮನ ತೋಳು ಹಿಡಿದು ಎಳೆದಳು. "ಆಕಿ ಯಾವಾಗ ಹುಟ್ಯಾಳ ಕೇಳು."

"ಅಕ್ಕಾ, ಅದೆಲ್ಲ ಕೇಳಬಾರದು."

"ಆಕಿ ಇಪ್ಪತ್ತಮೂರು ಮಂದೀನ ಕೇಳಿದ್ಲು. ನಾ ಒಬ್ಬಾಕೀನ ಕೇಳಬಾರದೇನ?"

ಮಾಸ್ತರರು ಸಂಕೋಚದಿಂದ ಕೇಳಿದರು. ಡೊರೀನ್ ತಡೆದು ಹೇಳಿದಳು. ಆಕೆ ಹುಟ್ಟಿದ ದಿನ ನ್ಯೂವರ್ಕ್‌ನಲ್ಲಿ ಎಂಥ ಹಿಮ ಬಿದ್ದಿತ್ತೆಂದರೆ, ಅಪ್ಪ ಸಲಿಕೆಯಿಂದ ಕಾರನ್ನು ಅಗೆದು ತೆಗೆಯುವಷ್ಟರಲ್ಲಿ ಆಕೆ ಅಡುಗೆಮನೆಯಲ್ಲೇ ಹುಟ್ಟಿಬಿಟ್ಟಿದ್ದಳಂತೆ. ತಾರೀಖು ಕೊನೆಗೂ ಹೇಳಲಿಲ್ಲ.

"ನೋಡು, ಆಕೀದೂ ನಮ್ಮಂಗನ," ಎಂದು ರುದ್ರಮ್ಮ ಎಲೆಯ ಕಡೆ ತಿರುಗಿದಳು.

ಬುಧವಾರ ಇಪ್ಪತ್ತಮೂರು ಜನಕ್ಕೂ ಲಸಿಕೆಯಾಯಿತು. ಗದಿಗೆಪ್ಪ ಸೂಜಿಗೆ ಹೆದರಿ ಕಣ್ಣು ಮುಚ್ಚಿ ಶಿವನಾಮ ಹೇಳಿದರು. ಮಸೂದೆ ಮಾತ್ರ ಅಷ್ಟು ಬೇಗ ಸಾಗಲಿಲ್ಲ. ಸಮಿತಿಯನ್ನು ದಾಟಿತು, ಸಭೆಯ ಮುಂದೆ ಕಾಯುತ್ತ ಕೂತಿತು. ಯಾರನ್ನೇ ಪಟ್ಟಿಯಿಂದ ತಡೆಯುವ ಮೊದಲು ಒಬ್ಬ ಮನುಷ್ಯ ಅವರನ್ನು ಸಂಪರ್ಕಿಸಿ ಕೇಳತಕ್ಕದ್ದು ಎಂಬ ಹೊಸ ಸಾಲೊಂದು ಅದರಲ್ಲಿ ಸೇರಿದೆ ಎಂದು ಭೂಮಿಕಾ ಫೋನ್ ಮಾಡಿ ಹೇಳಿದಳು. "ಅಜ್ಜಿ, ದಟ್ ಲೈನ್ ಈಸ್ ಯುವರ್ಸ್." ಪಾಸಾಗುತ್ತದೋ ಇಲ್ಲವೋ, ಮುಂದಿನ ಚಳಿಗಾಲದೊಳಗೆ ತಿಳಿಯಬಹುದು ಎಂದಳು. "ಆಗ್ತದವಾ, ನೀ ಬರೀತಾ ಇರು," ಎಂದು ರುದ್ರಮ್ಮ ಹರಸಿದಳು.

ಲಸಿಕೆಯಾದ ಮೇಲೆ ಎರಡು ವಾರ. ರುದ್ರಮ್ಮ ಗೋಡೆಯ ಕ್ಯಾಲೆಂಡರ್ ಮುಂದೆ ಬೆರಳು ಮಡಿಚಿ ಎಣಿಸಿದಳು. ಯುಗಾದಿ ಮೂರು ದಿನ ಮೊದಲೇ ಬರುತ್ತಿತ್ತು. ಕೀರ್ತಿ, "ಮೂರು ದಿನ ತಾನೆ ಅಜ್ಜಿ, ಮಾಸ್ಕ್ ಹಾಕ್ಕೊಂಡು ಬಂದ್ಬಿಡಿ," ಎಂದ. ರುದ್ರಮ್ಮ ಬೇಡವೆಂದಳು. ಒಮ್ಮೆ ಅವಸರ ಮಾಡಿ ಕಲಿತಿದ್ದು ಸಾಕಾಗಿತ್ತು. ಯುಗಾದಿಯ ದಿನ ಐಸೆಲಿನ್‌ನಲ್ಲೇ ತಲೆಗೆ ಎಣ್ಣೆಯೊತ್ತಿಕೊಂಡು ಮಿಂದು, ಬೇವು ಬೆಲ್ಲ ತಿಂದು, ವಿಡಿಯೋದಲ್ಲಿ ಕೂಸಿನ ಮುಖ ನೋಡಿದಳು. ಬೇವು ಎಂದಿನಷ್ಟೇ ಕಹಿಯಿತ್ತು. ಬೆಲ್ಲದ ಸಿಹಿ ಅಷ್ಟು ಹತ್ತಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಾಸ್ತರರ ಜೊತೆ ಈಸ್ಟ್ ಬ್ರನ್ಸ್‌ವಿಕ್ ಮುಟ್ಟಿದಳು. ಐಶ್ವರ್ಯಾ ಬಾಗಿಲಲ್ಲೇ ಕೂಸನ್ನು ಕೈಗೆ ಕೊಟ್ಟಳು. ರುದ್ರಮ್ಮ ಅದರ ನೆತ್ತಿಯನ್ನು ಮೂಸಿದಳು. ಆಮೇಲೆ ಚೀಲದಿಂದ ಕುಸುಬೆ ಎಣ್ಣೆಯ ಬಾಟಲಿ ತೆಗೆದು ಬಿಸಿನೀರಿನ ಬಟ್ಟಲಲ್ಲಿ ನಿಲ್ಲಿಸಿದಳು.

ಬಚ್ಚಲಿನ ಟೈಲ್ಸಿನ ಮೇಲೆ ಮಣೆ. ಮಣೆಯ ಮೇಲೆ ರುದ್ರಮ್ಮ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಾಲು ನೀಡಿದಳು. ಕೂಸು ಬೋರಲಾಗಿ ಮಲಗಿ, ಮೊದಲು ಕಿರುಚಿತು. ಬೆನ್ನ ಮೇಲೆ ಎಣ್ಣೆಯ ಅಂಗೈ ಜಾರಿತು, ತಂ‌ಬಿಗೆಯಿಂದ ಬಿಸಿನೀರು ದಾರವಾಗಿ ಇಳಿಯಿತು. ಅಳು ನಿಂತಿತು. ಕೂಸು ಬಾಯಿ ತೆರೆದು ನೀರಿನ ಸಪ್ಪಳ ಕೇಳತೊಡಗಿತು.

"ಹಾಯ್ ಶಿವನೇ, ಎಷ್ಟು ಕುತ್ತಿಗಿ ಎತ್ತತದ ನೋಡು," ಎಂದಳು ರುದ್ರಮ್ಮ. "ಇನ್ನೊಂದು ತಿಂಗಳು ತಡಾ ಆಗಿದ್ರ ನನ್ನ ಕಾಲ ಮ್ಯಾಲೆ ನಿಲ್ತಿರಲಿಲ್ಲ ಈ ತಾಯಿ."

ಕೀರ್ತಿ ಬಾಗಿಲಲ್ಲಿ ನಿಂತು ಕೈ ಹೇಗೆ ಹಿಡಿಯಬೇಕೆಂದು ಕಲಿಯುತ್ತಿದ್ದ. ಮಾಸ್ತರರು ಹೊರಗೆ ಕುರ್ಚಿಯಲ್ಲಿ ಕೂತು, ದಿನಾ ಬರೆಯುವ ಡೈರಿ ತೆರೆದಿದ್ದರು. ಎಂದಿನಂತೆ ಮೇಲೆ ತಾರೀಖು ಬರೆಯಲು ಪೆನ್ನು ಎತ್ತಿದರು.

"ಏನ್ ಬರ್ಯಾಕತ್ತಿ ತಮ್ಮಾ?"

"ಇವತ್ತಿನ ದಿನ, ಅಕ್ಕ."

"ಯುಗಾದಿ ಅಂತ ಬರಿ."

"ಯುಗಾದಿ ಆಗಿ ಮೂರು ದಿನ ಆತಲ್ಲ."

"ಊರ ಮಕ್ಕಳಿಗೆಲ್ಲ ಜೂನ್ ಒಂದು ಬರ್ದಾವ, ನಿನ್ನ ಅಕ್ಕಗ ಒಂದು ಯುಗಾದಿ ಮೂರು ದಿನ ಮುಂದಕ್ಕ ಬರ್ಯಾಕ ಬರೂದಿಲ್ಲೇನ?"

ಮಾಸ್ತರರು ಬಚ್ಚಲ ಕಡೆ ನೋಡಿದರು. ಆವಿಯ ನಡುವೆ ಅಕ್ಕನ ನರೆತ ತಲೆ, ಎಣ್ಣೆಯಲ್ಲಿ ಹೊಳೆಯುವ ಅಂಗೈಯಗಲದ ಒಂದು ಬೆನ್ನು. ಪೆನ್ನಿನ ಮುಚ್ಚಳ ತೆಗೆದು, ಗುಂಡನೆಯ ಅಕ್ಷರದಲ್ಲಿ ಬರೆದರು, ಇಂದು ಯುಗಾದಿ. ಬರೆದು, ಶಾಯಿ ಆರುವ ತನಕ ಊದಿದರು.